ಏಜೆಂಟು ಹೇಳಿದ್ದು, ಪಾಲಿಸೀಲಿ ಇಲ್ಲದ್ದು

ಇನ್ಶೂರೆನ್ಸ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಒಂದು ಸಾಲು ಹಾಕಿದ್ದಷ್ಟೇ, ಪತ್ರ, ಮೇಲು, ವಾಟ್ಸಾಪ್ ಮೆಸೇಜು ಎಲ್ಲಾ ಸೇರಿ ರಾಶಿ ಬಿತ್ತು. ಅರ್ಧಕ್ಕರ್ಧ ಒಂದೇ ಥರ ಶುರುವಾಗ್ತವೆ, "ಮೇಡಂ, ಏಜೆಂಟು ಹೇಳಿದ್ರು..." ಅಂತ. ನಾನು ವರ್ಷಗಟ್ಟಲೆ ಕ್ಲೈಮ್ ಡಿಪಾರ್ಟ್‌ಮೆಂಟಲ್ಲೇ ಕೂತಿದ್ದೋಳು, ರಿಜೆಕ್ಷನ್ ಲೆಟರ್‌ಗಳನ್ನ ನನ್ನ ಕೈಯಾರೆ ಟೈಪ್ ಮಾಡಿದೀನಿ, ಅದಕ್ಕೇ ಟೇಬಲ್ಲಿನ ಆ ಕಡೆ ಏನು ನಡೆಯುತ್ತೆ ಅಂತ ಸ್ವಲ್ಪ ಗೊತ್ತು. ಒಂದೇ ಥರದ ಪತ್ರಗಳನ್ನ ಒಟ್ಟು ಮಾಡಿ ಆರು ಇಲ್ಲಿ ಕೊಟ್ಟಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ತೆ ಮೇಡಂ. ನಮ್ಮಪ್ಪಂಗೆ 61 ವರ್ಷ. ಹೆಲ್ತ್ ಪಾಲಿಸಿ ಮಾಡಿಸಿ ಮೂರು ವರ್ಷ ಏಳು ತಿಂಗಳಾಯ್ತು, ಒಂದು ಸಲಾನೂ ರಿನ್ಯೂವಲ್ ತಪ್ಪಿಸಿಲ್ಲ. ಹೋದ ತಿಂಗಳು ಎದೆನೋವು ಬಂದು ಸ್ಟೆಂಟ್ ಹಾಕಿದ್ರು. ಕ್ಯಾಶ್‌ಲೆಸ್ ಕೊಡಲ್ಲ ಅಂದ್ರು, ನಾವೇ ದುಡ್ಡು ಕಟ್ಟಿ ಆಮೇಲೆ ಬಿಲ್ ಹಾಕಿದ್ವಿ, ಈಗ ಅದೂ ರಿಜೆಕ್ಟ್. ಅಪ್ಪಂಗೆ ಮೊದಲೇ ಬಿಪಿ ಇತ್ತು, ಅದನ್ನ ಮುಚ್ಚಿಟ್ಟಿದೀರಿ ಅಂತಾರೆ. ಬಿಪಿ ಇದ್ದಿದ್ದು ನಿಜ, ಆದ್ರೆ ಫಾರ್ಮ್ ತುಂಬಿದ್ದು ಏಜೆಂಟು, ನಾವು ಹೇಳಿದ್ವಿ ಕೂಡ. ಅವರೇ "ಬಿಪಿ ಎಲ್ರಿಗೂ ಇರುತ್ತೆ ಬಿಡಿ ಸಾರ್, ಬರೆದ್ರೆ ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ್ರು. ಈಗ ಫೋನೇ ಎತ್ತಲ್ಲ. ಏನ್ಮಾಡೋದು?

ಉತ್ತರ: ಮೊದ್ಲು ಕಹಿ ಮಾತು ಹೇಳಿಬಿಡ್ತೀನಿ. "ಫಾರ್ಮ್ ತುಂಬಿದ್ದು ಏಜೆಂಟು, ನಾವು ಓದದೆ ಸೈನ್ ಹಾಕಿದ್ವಿ" ಅನ್ನೋ ವಾದ ಕೋರ್ಟಲ್ಲಿ ನಿಲ್ಲೋದು ಕಷ್ಟ. 2019ರಲ್ಲಿ ಸುಪ್ರೀಂ ಕೋರ್ಟೇ ಒಂದು ಲೈಫ್ ಪಾಲಿಸಿ ಕೇಸಲ್ಲಿ, ಸೈನ್ ಹಾಕಿದ ಮೇಲೆ ಅದರಲ್ಲಿ ಬರೆದಿರೋದಕ್ಕೆ ಸೈನ್ ಹಾಕಿದೋರೇ ಜವಾಬ್ದಾರಿ ಅಂತ ಹೇಳಿದೆ. ಏಜೆಂಟುಗಳ ನಿಯಮದಲ್ಲಿ ಗ್ರಾಹಕರಿಗೆ ಮಾಹಿತಿ ಮುಚ್ಚಿಡೋಕೆ ಹೇಳಿಕೊಡಬಾರದು ಅಂತ ಸ್ಪಷ್ಟವಾಗೇ ಇದೆ, ಅದಕ್ಕೆ ಅವರ ಮೇಲೆ ಕಂಪ್ಲೇಂಟ್ ಕೊಡಬಹುದು, ಕೊಡಿ ಕೂಡ, ಆದ್ರೆ ಅದರಿಂದ ನಿಮ್ಮ ಸ್ಟೆಂಟ್ ದುಡ್ಡು ವಾಪಸ್ ಬರಲ್ಲ.

ಇದರಲ್ಲಿ ನನಗೆ ತುಂಬಾ ಹೊಟ್ಟೆ ಉರಿಯೋದು ಏನಂದ್ರೆ, ಮೊದಲೇ ಇರೋ ಕಾಯಿಲೆಗೆ ವೇಟಿಂಗ್ ಪೀರಿಯಡ್ಡು (ಆ ಕಾಯಿಲೆಗೆ ಕ್ಲೈಮ್ ಸಿಗದ ಮೊದಲ ಅವಧಿ) 2024ರಿಂದ ಹೆಚ್ಚು ಅಂದ್ರೆ 36 ತಿಂಗಳು, ಮೊದ್ಲು 48 ಇತ್ತು. ಅವತ್ತು ಬಿಪಿ ಇದೆ ಅಂತ ಬರೆದು ಒಂದಿಷ್ಟು ಪ್ರೀಮಿಯಂ ಜಾಸ್ತಿ ಕಟ್ಟಿದ್ರೂ ಇವತ್ತಿಗೆ 43 ತಿಂಗಳಾಗಿ ಆ ವೇಟಿಂಗ್ ಮುಗಿದುಹೋಗಿರ್ತಿತ್ತು, ಬಿಪಿ ಕಾರಣ ಇಟ್ಟುಕೊಂಡು ಕ್ಲೈಮ್ ತಡೆಯೋಕೆ ಅವರಿಗೆ ದಾರೀನೇ ಇರ್ತಿರಲಿಲ್ಲ. ಆ ಏಜೆಂಟಪ್ಪ ಉಳಿಸಿಕೊಟ್ಟಿದ್ದು ಇಷ್ಟು!

ಹಾಗಂತ ಕೈಚೆಲ್ಲಿ ಕೂರಬೇಡಿ. ರಿಜೆಕ್ಷನ್ ಲೆಟರ್ ತೆಗೆದು ಓದಿ, ಯಾವ ಕ್ಲಾಸ್ (ಪಾಲಿಸಿಯ ಷರತ್ತು) ಅಂತ ನಂಬರ್ ಸಮೇತ ಬರೆದಿದಾರಾ ನೋಡಿ. ಬರೀ "ಪಾಲಿಸಿ ನಿಯಮದ ಪ್ರಕಾರ ಸಾಧ್ಯವಿಲ್ಲ" ಅಂತ ಬರೆದು ಕೈತೊಳ್ಕೊಳ್ಳೋ ಹಾಗಿಲ್ಲ, ಈಗಿನ ನಿಯಮದಲ್ಲಿ ಕಂಪನಿಯ ಕ್ಲೈಮ್ ರಿವ್ಯೂ ಕಮಿಟಿ ಒಪ್ಪದೆ ಯಾವ ಕ್ಲೈಮೂ ರಿಜೆಕ್ಟ್ ಮಾಡಂಗಿಲ್ಲ, ಕಾರಣಾನೂ ಕ್ಲಾಸೂ ತೋರಿಸಲೇಬೇಕು. ಆಮೇಲೆ ಪ್ರಪೋಸಲ್ ಫಾರ್ಮ್, ಅದೇ ಏಜೆಂಟು ತುಂಬಿದ ಅರ್ಜಿ, ಅದರ ಕಾಪಿ ಕೇಳಿ. ಪಾಲಿಸಿ ಕೊಡೋ ಮುಂಚೆ ಕಂಪನಿಯಿಂದ ಡಾಕ್ಟ್ರು ಫೋನ್ ಮಾಡಿ ಅಪ್ಪನ್ನ ಮಾತಾಡಿಸಿದ್ರಾ ನೆನಪು ಮಾಡ್ಕೊಳ್ಳಿ, ಮಾತಾಡಿಸಿದ್ರೆ ಆ ರೆಕಾರ್ಡಿಂಗೂ ಕೇಳಿ. ಫೋನಲ್ಲಿ ಅಪ್ಪ "ಬಿಪಿ ಮಾತ್ರೆ ತಗೋತೀನಿ" ಅಂತ ಬಾಯಿಬಿಟ್ಟು ಹೇಳಿದ್ದು, ಫಾರ್ಮಲ್ಲಿ ಮಾತ್ರ "ಇಲ್ಲ" ಅಂತ ಇದ್ದಿದ್ದನ್ನ ನಾನೇ ಎಷ್ಟೋ ಫೈಲಲ್ಲಿ ನೋಡಿದೀನಿ. ಹಾಗಿದ್ರೆ ಕಥೆ ಪೂರ್ತಿ ಬೇರೆ, ಯಾಕಂದ್ರೆ ಕಾಯಿಲೆ ಗೊತ್ತಿದ್ದೂ ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡಿ ಕ್ಲೈಮ್ ತಳ್ಳಂಗಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೇ ಇದೆ.

ಇನ್ನೊಂದು ವಿಷಯ ಡಿಸ್ಚಾರ್ಜ್ ಸಮ್ಮರಿ, ಅಂದ್ರೆ ಮನೆಗೆ ಕಳಿಸುವಾಗ ಆಸ್ಪತ್ರೆಯೋರು ಬರೆದು ಕೊಡೋ ಚೀಟಿ. ಎಮರ್ಜೆನ್ಸೀಲಿ ಕರ್ಕೊಂಡು ಹೋದಾಗ ಡ್ಯೂಟಿ ಡಾಕ್ಟ್ರು ಹುಡುಗ "ಬಿಪಿ ಎಷ್ಟು ವರ್ಷದಿಂದ ಇದೆ?" ಅಂತ ಕೇಳ್ತಾನೆ, ಗಾಬರೀಲಿರೋ ಮನೆಯೋರು ಯಾರೋ "ಒಂದು ಹತ್ತು ವರ್ಷ ಇರಬಹುದು" ಅಂತಾರೆ, ಅವನು ಹತ್ತು ವರ್ಷ ಅಂತ ಬರ್ಕೋತಾನೆ, ಕಂಪನಿಯೋರಿಗೆ ಅಷ್ಟು ಸಾಕು. ಬಿಪಿ ಇತ್ತು ಅಂತ ನೀವೇ ಬರೆದಿದೀರಿ, ಆದ್ರೂ ಅದು ಶುರುವಾಗಿದ್ದು ನಿಜವಾಗ್ಲೂ ಪಾಲಿಸಿಗಿಂತ ಮುಂಚೇನಾ ನಂತರಾನಾ, ಹಳೇ ಚೀಟಿ ನೋಡಿ ಖಾತ್ರಿ ಮಾಡ್ಕೊಳ್ಳಿ. ನಂತರ ಅಂತಾದ್ರೆ ಮಾಮೂಲಿ ನೋಡೋ ಡಾಕ್ಟ್ರ ಹತ್ರ ಯಾವತ್ತಿಂದ ಅಂತ ಲೆಟರ್ ತಗೊಳ್ಳಿ. ಮುಂಚೆ ಅಂತಾದ್ರೆ ಸುಳ್ಳು ಲೆಟರ್ ಮಾಡಿಸೋಕೆ ಮಾತ್ರ ಹೋಗಬೇಡಿ, ಅಲ್ಲಿಗೆ ಅದು ಫ್ರಾಡ್ ಆಗುತ್ತೆ. ಬಚ್ಚಿಟ್ಟ ಕಾಯಿಲೆಗೂ ಸಾವಿಗೂ ಸಂಬಂಧಾನೇ ಇಲ್ಲದ ಕೇಸುಗಳಲ್ಲಿ ದುಡ್ಡು ಕೊಡ್ಸಿದ್ದಿದೆ, ಬೆನ್ನುನೋವು ಹೇಳದೆ ಹಾರ್ಟ್ ಪ್ರಾಬ್ಲಮ್ಮಿಂದ ತೀರಿಕೊಂಡೋರದ್ದು 2015ರ ತೀರ್ಪು, ಆದ್ರೆ ಬಿಪಿಗೂ ಹಾರ್ಟಿಗೂ ಸಂಬಂಧ ಇಲ್ಲ ಅಂತ ವಾದ ಮಾಡೋದು ಸುಲಭ ಅಲ್ಲ, ಅದನ್ನೂ ತಿಳ್ಕೊಂಡೇ ಇಳೀರಿ.

ಈ ಪಾಲಿಸಿ ಬೇರೆ ಕಂಪನಿಯಿಂದ ಪೋರ್ಟ್ ಮಾಡಿಸಿದ್ದಾ? ಪತ್ರದಲ್ಲಿ ಬರೆದಿಲ್ಲ. ಹೌದು ಅಂದ್ರೆ ಹಳೇ ಕಂಪನೀಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತೆ, ಬಿಡದೆ 60 ತಿಂಗಳು ತುಂಬಿದ್ರೆ ಫ್ರಾಡ್ ಅಂತ ಸಾಬೀತು ಮಾಡದ ಹೊರತು ಮುಚ್ಚಿಟ್ಟಿದೀರಿ ಅನ್ನೋ ಮಾತೇ ಎತ್ತಂಗಿಲ್ಲ (ಇದು ಮೊದ್ಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದಾರೆ). ಹಳೇ ಪಾಲಿಸಿ ಕಾಗದ ಎಲ್ಲಾದ್ರೂ ಬೀರೂಲಿ ಇದ್ರೆ ಇವತ್ತೇ ಹುಡುಕಿ.

ದಾರಿ ಹೀಗೆ. ಮೊದ್ಲು ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ (ದೂರು ನೋಡೋ ಅಧಿಕಾರಿಗೆ) ಮೇಲ್ ಹಾಕಿ, ಫೋನ್ ಮಾತು ಬೇಡ. ಜೊತೆಗೇ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಲ್ಲಿ ಕಂಪ್ಲೇಂಟ್ ಹಾಕಿ, 155255ಕ್ಕೆ ಫೋನ್ ಮಾಡಿದ್ರೂ ಬರ್ಕೋತಾರೆ. ಒಂದು ತಿಂಗಳು ಉತ್ತರ ಬರಲಿಲ್ಲ ಅಥವಾ ಮತ್ತೆ ಆಗಲ್ಲ ಅಂದ್ರು ಅಂದ್ರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದ್ರೆ ಕಂಪನಿ ಮೇಲಿನ ದೂರು ಬಗೆಹರಿಸೋ ಅಧಿಕಾರಿ, ಕರ್ನಾಟಕದೋರಿಗೆ ಆಫೀಸು ಬೆಂಗಳೂರಲ್ಲಿದೆ, ಆನ್‌ಲೈನಲ್ಲೂ ಹಾಕಬಹುದು. ಫೀಸಿಲ್ಲ, ಲಾಯರ್ ಬೇಕಿಲ್ಲ, 50 ಲಕ್ಷದವರೆಗಿನ ವಿಷಯ ನೋಡ್ತಾರೆ. ಕಂಪನಿ ಕೊನೇದಾಗಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಬರೋ ಆರ್ಡರು ಕಂಪನೀನ ಕಟ್ಟಿಹಾಕುತ್ತೆ, ನಿಮ್ಮನ್ನಲ್ಲ, ಸಮಾಧಾನ ಆಗದಿದ್ರೆ ಆಮೇಲೆ ಕನ್ಸ್ಯೂಮರ್ ಕಮಿಷನ್‌ಗೆ ಹೋಗಬಹುದು, ಅದಕ್ಕೆ ಎರಡು ವರ್ಷದ ಗಡುವು. ಆದ್ರೆ ಕನ್ಸ್ಯೂಮರ್ ಕೇಸ್ ಮೊದ್ಲೇ ಹಾಕಿಬಿಟ್ರೆ ಒಂಬುಡ್ಸ್‌ಮನ್ ಮುಟ್ಟೋದೇ ಇಲ್ಲ, ಯಾರೋ ಲಾಯರ್ ಹೇಳಿದ್ರು ಅಂತ ಅವಸರ ಮಾಡಬೇಡಿ.

ಪ್ರಶ್ನೆ: ಮೇಡಂ, ಅಮ್ಮನ ಮಂಡಿ ಆಪರೇಷನ್ ಆಯ್ತು. ಐದು ಲಕ್ಷದ ಪಾಲಿಸಿ. ಬಿಲ್ ಬಂದಿದ್ದು ಮೂರು ಲಕ್ಷ. ಐದು ಲಕ್ಷದೊಳಗೇ ಇದೆಯಲ್ಲಾ ಪೂರ್ತಿ ಬರುತ್ತೆ ಅಂತ ಏಜೆಂಟು ಹೇಳಿದ್ದರು, ಕೊನೆಗೆ ಕೊಟ್ಟಿದ್ದು 1,87,500. ರೂಮಿಂದು ಜಾಸ್ತಿ ಆಯ್ತು ಅಂತಾರೆ. ರೂಮಿಗೆ ದಿನಕ್ಕೆ ಮೂರು ಸಾವಿರ ಜಾಸ್ತಿ, ಐದು ದಿನಕ್ಕೆ ಹದಿನೈದು ಸಾವಿರ ಹಿಡ್ಕೊಳ್ಳಲಿ, ಒಂದು ಲಕ್ಷದ ಮೇಲೆ ಯಾಕೆ ಹಿಡಿದ್ರು?

ಉತ್ತರ: ಇದು ನನ್ನ ಇಷ್ಟದ ಪ್ರಶ್ನೆ, ಯಾಕಂದ್ರೆ ಇದರಲ್ಲಿ ಇಬ್ಬರದ್ದೂ ತಪ್ಪಿದೆ, ಕಂಪನಿಯದ್ದು ಸ್ವಲ್ಪ ಜಾಸ್ತಿ.

ನೀವು ಕಳಿಸಿರೋ ಪಾಲಿಸಿ ಫೋಟೋ ನೋಡಿದೆ. ರೂಮ್ ಬಾಡಿಗೆ ದಿನಕ್ಕೆ ಕವರ್‌ನ ಶೇ. 1 ಅಂತ ಇದೆ, ಅಂದ್ರೆ 5,000. ನೀವು ತಗೊಂಡಿದ್ದು 8,000ದ ರೂಮು. ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದಷ್ಟೂ ಅದೇ ಸರ್ಜನ್ನು, ಅದೇ ಓಟಿ, ಅದೇ ನರ್ಸು, ಎಲ್ಲದರ ರೇಟೂ ಏರುತ್ತೆ, ಅದಕ್ಕೇ ಕಂಪನಿಯೋರು ಬರೀ ಬಾಡಿಗೆ ಅಲ್ಲ, ಅದರ ಜೊತೆ ಏರಿದ್ದನ್ನೂ ಅದೇ ಪ್ರಮಾಣದಲ್ಲಿ ಇಳಿಸ್ತಾರೆ. ನಿಮ್ಮ ವಿಷಯದಲ್ಲಿ ಎಂಟರಲ್ಲಿ ಐದು ಪಾಲು. ಮೂರು ಲಕ್ಷಕ್ಕೆ ಎಂಟರಲ್ಲಿ ಐದು ಅಂದ್ರೆ ಸರಿಯಾಗಿ 1,87,500. ಗೊತ್ತಾಯ್ತಲ್ಲ ಏನು ಮಾಡಿದಾರೆ ಅಂತ, ಇಡೀ ಬಿಲ್ಲನ್ನೇ ಆ ಲೆಕ್ಕಕ್ಕೆ ಹಾಕಿ ಒತ್ತಿಬಿಟ್ಟಿದಾರೆ.

ಹಾಗೆ ಮಾಡಂಗಿಲ್ಲ. ಔಷಧಿ, ಕನ್ಸ್ಯೂಮಬಲ್ಸು, ಇಂಪ್ಲಾಂಟು, ಟೆಸ್ಟು ಇವಕ್ಕೆ ಪ್ರಮಾಣ ಹಾಕಿ ಕಡಿತ ಮಾಡಬಾರದು ಅಂತ 2020ರಲ್ಲೇ ಐಆರ್‌ಡಿಎಐ ಹೇಳಿದೆ, ಐಸಿಯು ಚಾರ್ಜಿಗೂ ಹಾಕಂಗಿಲ್ಲ. ಮಂಡಿಗೆ ಕೂರಿಸಿದ ಇಂಪ್ಲಾಂಟು ಜನರಲ್ ವಾರ್ಡಲ್ಲಿದ್ರೂ ಅದೇ, ಎಸಿ ರೂಮಲ್ಲಿದ್ರೂ ಅದೇ ಅಲ್ವಾ? ನಿಮ್ಮ ಬಿಲ್ ಬಿಡಿಸಿದ್ರೆ ಬಾಡಿಗೆ 40,000, ಸರ್ಜನ್ ಓಟಿ ಅನಸ್ತೇಶಿಯಾ ನರ್ಸಿಂಗ್ ಸೇರಿ 1,20,000, ಇಂಪ್ಲಾಂಟ್ 60,000, ಔಷಧಿ ಸಾಮಾನು 50,000, ಟೆಸ್ಟುಗಳು 30,000. ಬಾಡಿಗೇಲಿ ನಿಮಗೆ ಸಿಗೋದು 25,000. ಆ 1,20,000ಕ್ಕೆ ಎಂಟರಲ್ಲಿ ಐದು ಅಂದ್ರೆ 75,000. ಉಳಿದ 1,40,000 ಕಡಿತ ಇಲ್ಲದೆ. ಕೂಡಿದ್ರೆ 2,40,000. ಅಂದ್ರೆ 52,500 ಕಮ್ಮಿ ಕೊಟ್ಟಿದಾರೆ. ಸಾಮಾನಿನ ಲೆಕ್ಕದಲ್ಲಿ ಗ್ಲೌಸು ಮಾಸ್ಕು ಅಂತ ಕೊಡದೆ ಇರೋ ಐಟಂಗಳ ಪಟ್ಟಿ ತೋರಿಸಿ ಒಂದಿಷ್ಟು ಹಿಡ್ಕೊಂಡಾರು, ಅದು ಸಣ್ಣ ಜಗಳ, ಬಿಡಿ.

ಈ ಲೆಕ್ಕಾನ ಹೀಗೇ ಒಂದು ಹಾಳೇಲಿ ಬರೆದು ಗ್ರೀವನ್ಸಿಗೆ ಕಳಿಸಿ. ಇನ್ನೊಂದು ಮಾತು, ಆ ಆಸ್ಪತ್ರೇಲಿ ರೂಮ್ ಯಾವ್ದಾದ್ರೂ ಸರ್ಜನ್ ಓಟಿ ರೇಟ್ ಒಂದೇ ಅಂತಾದ್ರೆ ಆ 75,000ದ ಬದಲು ಪೂರ್ತಿ 1,20,000 ಕೇಳಬಹುದು, ಬಿಲ್ಲಿಂಗ್ ಕೌಂಟರಲ್ಲಿ ವಿಚಾರಿಸಿ ಒಂದು ಲೆಟರ್ ತಗೊಳ್ಳಿ. ಕೊಡೋಕೆ ಗೊಣಗ್ತಾರೆ, ಪಟ್ಟು ಬಿಡಬೇಡಿ.

ಪ್ರಶ್ನೆ: ಐಆರ್‌ಡಿಎಐ ಇಂದ ಫೋನ್ ಬಂದಿತ್ತು, ನಿಮ್ಮ ಹಳೇ ಪಾಲಿಸಿಗೆ ಬೋನಸ್ ಬಂದಿದೆ, ಏಜೆಂಟ್ ತಿಂತಿದಾರೆ, ಹೊಸ ಪಾಲಿಸಿ ಮಾಡಿಸಿದ್ರೆ ರಿಲೀಸ್ ಮಾಡ್ತೀವಿ ಅಂದ್ರು. ನಿಜಾನಾ?

ಉತ್ತರ: ಕಳ್ಳರು. ಐಆರ್‌ಡಿಎಐ ಪಾಲಿಸಿ ಮಾರಲ್ಲ, ಬೋನಸ್ಸೂ ಹಂಚಲ್ಲ. ಓಟಿಪಿ ಗೀಟಿಪಿ ಕೊಟ್ಟಿದ್ರೆ ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ನಮ್ಮತ್ತೆ ಬ್ಯಾಂಕಿಗೆ ಎಫ್‌ಡಿ ರಿನ್ಯೂ ಮಾಡಿಸೋಕೆ ಹೋಗಿದ್ರು. ಅಲ್ಲಿದ್ದ ಹುಡುಗಿ "ಆಂಟಿ ಇದರಲ್ಲಿ ಜಾಸ್ತಿ ಬರುತ್ತೆ" ಅಂತ ಸೈನ್ ಹಾಕಿಸ್ಕೊಂಡಿದಾಳೆ. ಹನ್ನೊಂದು ತಿಂಗಳಾದ ಮೇಲೆ ಮುಂದಿನ ಪ್ರೀಮಿಯಂ ಎರಡು ಲಕ್ಷ ಕಟ್ಟಿ ಅಂತ ಬ್ಯಾಂಕಿಂದ ಫೋನ್, ಆಗ್ಲೇ ಗೊತ್ತಾಗಿದ್ದು ಅದು ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ ಅಂತ. ಅತ್ತೆಗೆ ಬರೋದು ಪೆನ್ಷನ್ ಮಾತ್ರ. ಪಾಲಿಸಿ ಪುಸ್ತಕ ಮನೆಗೆ ಬಂದೇ ಇಲ್ಲ.

ಉತ್ತರ: ಈ ಥರದ್ದು ಒಂಬತ್ತು ಪತ್ರ ಬಂದಿದೆ, ಒಂಬತ್ತರಲ್ಲೂ ಬ್ಯಾಂಕು, ಒಂಬತ್ತರಲ್ಲೂ ವಯಸ್ಸಾದೋರು. ಪರಿಚಯದ ಬ್ಯಾಂಕು, ಇಪ್ಪತ್ತು ವರ್ಷದಿಂದ ಅಕೌಂಟು, ಆ ನಂಬಿಕೇನೇ ಅವರ ಬಂಡವಾಳ.

ಪಾಲಿಸಿ ಬಂದೇ ಇಲ್ಲ ಅಂದ್ರಲ್ಲ, ಅದನ್ನ ಹಿಡ್ಕೊಳ್ಳಿ. ಬೇಡ ಅಂತ ವಾಪಸ್ ಕೊಡೋ ಫ್ರೀ ಲುಕ್ ಅವಧಿ ಈಗ 30 ದಿನ, ಅದನ್ನ ಎಣಿಸೋದು ಪಾಲಿಸಿ ಕೈಗೆ ಸೇರಿದ ದಿನದಿಂದ, ಸೈನ್ ಹಾಕಿದ ದಿನದಿಂದ ಅಲ್ಲ. ತಲುಪಿಸಿದೀವಿ ಅಂತ ತೋರಿಸಬೇಕಾದೋರು ಕಂಪನಿಯೋರು. "ಇಮೇಲ್ ಮಾಡಿದೀವಲ್ಲ" ಅಂತಾರೆ, ಆಗ ಪ್ರಪೋಸಲ್ ಫಾರ್ಮ್ ತರಿಸಿ ಅದರಲ್ಲಿರೋ ಇಮೇಲು, ಮೊಬೈಲ್ ನಂಬರು ಯಾರದ್ದು ನೋಡಿ. ಅತ್ತೆಗೆ ಇಮೇಲೇ ಇಲ್ಲ ಅಂದ್ರೆ ಅದು ಇನ್ಯಾರದ್ದು? ಹಾಗೇ ಆದಾಯದ ಕಾಲಮ್ ನೋಡಿ, ಪೆನ್ಷನ್ ತಗೊಳ್ಳೋರ ಹೆಸರಲ್ಲಿ "ಬಿಸಿನೆಸ್, ವರ್ಷಕ್ಕೆ ಹನ್ನೆರಡು ಲಕ್ಷ" ಅಂತ ಬರೆದಿರೋದನ್ನೂ ಕಂಡಿದೀನಿ. ಅಂಥದ್ದು ಸಿಕ್ಕಿದ್ರೆ ನಿಮ್ಮ ಕೇಸು ಅರ್ಧ ಗೆದ್ದ ಹಾಗೆ.

ಈಗ್ಲೇ ಸರೆಂಡರ್ ಮಾಡಬೇಡಿ, ಅಂದ್ರೆ ಪಾಲಿಸೀನ ಮಧ್ಯದಲ್ಲೇ ನಿಲ್ಲಿಸಿ ವಾಪಸ್ ಕೊಡಬೇಡಿ. ಒಂದು ವರ್ಷದ ಪ್ರೀಮಿಯಂ ಕಟ್ಟಿದ್ರೂ ಮೊದಲ ವರ್ಷ ಮುಗಿದ ಮೇಲೆ ಒಂದಿಷ್ಟು ವಾಪಸ್ ಕೊಡಬೇಕು ಅಂತ 2024ರ ಅಕ್ಟೋಬರ್‌ನಿಂದ ನಿಯಮ ಬಂದಿದೆ, ಬ್ಯಾಂಕಿನ ಹುಡುಗಿ ಅದನ್ನೇ ಹೇಳಿ ಮೆತ್ತಗೆ ಮುಗಿಸೋಕೆ ನೋಡ್ತಾಳೆ. ನೀವಾಗೇ ಸರೆಂಡರ್ ಫಾರ್ಮಿಗೆ ಸೈನ್ ಹಾಕಿಬಿಟ್ರೆ ಮೋಸ ಮಾಡಿ ಮಾರಿದ್ರು ಅನ್ನೋ ದೂರು ಸೊರಗಿಹೋಗುತ್ತೆ. ಮೊದ್ಲು ಕಂಪನಿಗೂ ಬ್ಯಾಂಕಿಗೂ ಲಿಖಿತ ದೂರು, ಕಟ್ಟಿದ ಪ್ರೀಮಿಯಂ ವಾಪಸ್ ಕೊಡಿ ಅಂತ. ಒಪ್ಪದಿದ್ರೆ ಮೇಲೆ ಹೇಳಿದ ಒಂಬುಡ್ಸ್‌ಮನ್ನೇ. ಅಕೌಂಟಿಂದ ಆಟೋ ಡೆಬಿಟ್ ಇದ್ರೆ ಅದನ್ನ ಇವತ್ತೇ ನಿಲ್ಲಿಸಿ, ಆ ಡೇಟು ಬರೋದ್ರೊಳಗೆ. ಅತ್ತೇನ ಬೈಬೇಡಿ, ಪಾಪ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೆ. ಆರ್‌ಸಿ ನನ್ನ ಹೆಸರಿಗಾಯ್ತು, ಇನ್ಶೂರೆನ್ಸ್ ಇನ್ನೂ ಹಳೇ ಓನರ್ ಹೆಸರಲ್ಲೇ ಇತ್ತು. ಎರಡು ತಿಂಗಳಿಗೆ ಆಕ್ಸಿಡೆಂಟ್. "ಪಾಲಿಸಿ ಗಾಡಿಗೆ ತಾನೇ, ಯಾರ ಹೆಸರಲ್ಲಿದ್ರೇನು" ಅಂತ ಏಜೆಂಟ್ ಅಂದಿದ್ದ.

ಉತ್ತರ: ಅರ್ಧ ಸತ್ಯ. ನಿಮ್ಮ ಗಾಡಿಯಿಂದ ಬೇರೆಯೋರಿಗೆ ಆದ ನಷ್ಟಕ್ಕೆ, ಅದೇ ಥರ್ಡ್ ಪಾರ್ಟಿಗೆ, ಪಾಲಿಸಿ ತಾನಾಗೇ ಹೊಸ ಓನರ್‌ಗೆ ಬರುತ್ತೆ. ನಿಮ್ಮ ಸ್ವಂತ ಕಾರಿನ ರಿಪೇರಿಗೆ ಬರಲ್ಲ, 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡ 14 ದಿನದೊಳಗೆ ಹೆಸರು ಬದಲಾಯಿಸಿ ಅಂತ ಕಂಪನಿಗೆ ಅರ್ಜಿ ಹಾಕಬೇಕಿತ್ತು. ಹಾಕಿಲ್ಲ ಅಂದ್ರೆ ರಿಪೇರಿ ಖರ್ಚು ನಿಮ್ಮದೇ ಅಂದ್ಕೊಳ್ಳಿ, ಇದರ ಮೇಲೆ ವರ್ಷಗಟ್ಟಲೆ ಓಡಾಡೋದು ದಂಡ. ಕಂಪನಿಗೆ ತಿಳಿಸಿದ ಇಮೇಲೋ ಮೆಸೇಜೋ ಏನಾದ್ರೂ ಇದ್ರೆ ಮಾತ್ರ ಮತ್ತೆ ಬರೀರಿ. ಹಳೇ ಓನರ್ ಹೆಸರಲ್ಲೇ ಕ್ಲೈಮ್ ಹಾಕ್ಸೋಣ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕಿವಿ ಕೊಡಬೇಡಿ, ಗಾಡಿ ಮಾರಿದೋರಿಗೂ ಸೇರಿ ತೊಂದರೆ.

ಪ್ರಶ್ನೆ: ಅಕ್ಕಾ, ನಮ್ಮನೆಯೋರು ತೀರಿಕೊಂಡು ಐದು ತಿಂಗಳಾಯ್ತು. ಪಾಲಿಸಿ ಮಾಡಿಸಿ ನಾಲ್ಕು ವರ್ಷ ಆಗಿತ್ತು. ನಾನೇ ನಾಮಿನಿ. ತನಿಖೆ ನಡೀತಿದೆ ಅಂತಾನೇ ಹೇಳ್ತಿದಾರೆ. ಏಜೆಂಟು ನಮ್ಮ ಸಂಬಂಧಿಕರೇ, ಕುಡಿತಿದ್ದ ವಿಷಯ ಗೊತ್ತಾಗಿದೆ, ಪೂರ್ತಿ ಬರಲ್ಲ, ಅರ್ಧಕ್ಕೆ ಒಪ್ಕೋ, ನಾನು ಮೇಲಿನೋರ ಹತ್ರ ಮಾತಾಡಿ ಕೊಡಿಸ್ತೀನಿ, ನನಗೂ ಖರ್ಚಿರುತ್ತೆ ಅಂತಾರೆ. ಇನ್ನೊಂದು, ನಡುವೆ ಒಂದು ವರ್ಷ ಪ್ರೀಮಿಯಂ ಅವರ ಕೈಲೇ ಕ್ಯಾಶ್ ಕೊಟ್ಟಿದ್ವಿ, ಅದಕ್ಕೆ ರಸೀದಿ ಇಲ್ಲ.

ಉತ್ತರ: ತಂಗಿ, ಮೊದ್ಲು ಆ ಸಂಬಂಧಿಕರಿಗೆ ಒಂದು ರೂಪಾಯೀನೂ ಕೊಡಬೇಡ, ಯಾವ ಕಾಗದಕ್ಕೂ ಸೈನ್ ಹಾಕಬೇಡ. ಕ್ಲೈಮ್ ಕೊಡಿಸೋದು ಏಜೆಂಟ್ ಕೈಲಿಲ್ಲ, ಅದಕ್ಕೆ ಖರ್ಚು ಅಂತ ಕೇಳೋದು ಲಂಚ.

ಇನ್ಶೂರೆನ್ಸ್ ಕಾಯ್ದೆಯ 45ನೇ ಸೆಕ್ಷನ್ ಅಂತ ಇದೆ, ಹೆಸರು ನೆನಪಿಟ್ಕೋ. ಲೈಫ್ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಫಾರ್ಮಲ್ಲಿ ಅದು ಹೇಳಿಲ್ಲ, ಇದು ಸುಳ್ಳು ಅಂತ ಯಾವ ಕಾರಣಕ್ಕೂ ಪಾಲಿಸೀನ ಪ್ರಶ್ನೆ ಮಾಡಂಗಿಲ್ಲ, ಕುಡಿತ ಮುಚ್ಚಿಟ್ರು ಅನ್ನೋದೂ ಅದರಲ್ಲೇ ಬಂತು. 2015ರ ತಿದ್ದುಪಡಿ ಆದ ಮೇಲೆ ಫ್ರಾಡ್ ಅಂತಾನೂ ಎತ್ತಂಗಿಲ್ಲ.

ನಾನು ಹೆದರ್ತಿರೋದು ಕುಡಿತಕ್ಕಲ್ಲ, ಆ ಕ್ಯಾಶ್ ವಿಷಯಕ್ಕೆ. ಏಜೆಂಟ್ ಕೈಗೆ ಕೊಟ್ಟ ಪ್ರೀಮಿಯಂ ಕಂಪನಿಗೆ ಕಟ್ಟಿದ ಹಾಗಲ್ಲ ಅಂತ 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆ ದುಡ್ಡು ಅವರು ಕಟ್ಟದೇ ಪಾಲಿಸಿ ಲ್ಯಾಪ್ಸ್ ಆಗಿ (ನಿಂತುಹೋಗಿ), ಆಮೇಲೆ ಯಾವಾಗ್ಲೋ ರಿವೈವ್ ಮಾಡಿಸಿದ್ರೆ (ಮತ್ತೆ ಚಾಲೂ ಮಾಡಿಸಿದ್ರೆ) ಆ ಮೂರು ವರ್ಷದ ಎಣಿಕೆ ರಿವೈವ್ ಆದ ದಿನದಿಂದ ಮತ್ತೆ ಶುರುವಾಗುತ್ತೆ. ಅವರು ಅರ್ಧಕ್ಕೆ ಒಪ್ಕೋ ಅಂತ ಇಷ್ಟು ಅವಸರ ಮಾಡ್ತಿರೋದು ಅದಕ್ಕೇ ಇರಬಹುದಾ ಅಂತ ನನಗೆ ಅನುಮಾನ. ನಾಳೆ ಬೆಳಿಗ್ಗೆ ನೀನೇ ಬ್ರಾಂಚಿಗೆ ಹೋಗಿ, ಅವರನ್ನ ಜೊತೇಲಿ ಕರ್ಕೊಂಡು ಹೋಗದೆ, ಪ್ರೀಮಿಯಂ ಕಟ್ಟಿದ ಹಿಸ್ಟರಿ ಪೂರ್ತಿ ಪ್ರಿಂಟ್ ಕೊಡಿ ಅಂತ ಕೇಳು. ನಾಮಿನಿ ಅಂತ ಐಡಿ ತೋರಿಸಿದ್ರೆ ಕೊಡ್ತಾರೆ. ಎಲ್ಲೂ ತಪ್ಪಿಲ್ಲ ಅಂದ್ರೆ ನೀನು ಗಟ್ಟಿ. ನಡುವೆ ಲ್ಯಾಪ್ಸ್ ಆಗಿದ್ರೆ ಆ ಪ್ರಿಂಟು, ಮತ್ತೆ ಕ್ಯಾಶ್ ಕೊಟ್ಟಿದ್ದಕ್ಕೆ ವಾಟ್ಸಾಪಲ್ಲಿ ಏನಾದ್ರೂ ಮಾತು ನಡೆದಿದ್ರೆ ಅದರ ಸ್ಕ್ರೀನ್‌ಶಾಟು ತೆಗೆದು ನನಗೆ ಕಳಿಸು, ಮುಂದಿನ ದಾರಿ ಬೇರೆ ಇರುತ್ತೆ.

ತನಿಖೆ ಅಂತ ಎಳೀತಾ ಕೂರೋಕೂ ಮಿತಿ ಇದೆ, ಈಗಿನ ನಿಯಮದಲ್ಲಿ ತನಿಖೆ ಬೇಕಾದ ಡೆತ್ ಕ್ಲೈಮು 45 ದಿನದಲ್ಲಿ ಮುಗೀಬೇಕು, ತಡ ಆದಷ್ಟು ದಿನಕ್ಕೆ ಬಡ್ಡಿ ಕೊಡಬೇಕು. ನಿಂದು ಐದು ತಿಂಗಳು. ಕ್ಲೈಮ್ ಫಾರ್ಮ್ ಕೊಟ್ಟ ದಿನದ ಸೀಲ್ ಹಾಕಿದ ಕಾಪಿ ಇದೆಯಾ ನೋಡ್ಕೋ, ಬಡ್ಡಿ ಕೇಳೋಕೆ ಅದೇ ಬೇಕಾಗೋದು. ಕೊನೆಗೆ ಕಮ್ಮಿ ದುಡ್ಡಿಗೆ ಡಿಸ್ಚಾರ್ಜ್ ವೋಚರ್ (ಲೆಕ್ಕ ಮುಗೀತು ಅನ್ನೋ ರಸೀದಿ) ಮುಂದಿಟ್ಟು ಸೈನ್ ಹಾಕು ಅಂದ್ರೆ, ಮನೇಲಿ ತೀರಾ ಕಷ್ಟ ಇದ್ದು ತಗೊಳ್ಳಲೇಬೇಕು ಅಂತಾದ್ರೆ, ಅದರ ಮೇಲೆ "ಇದಕ್ಕೆ ನನ್ನ ಆಕ್ಷೇಪ ಇದೆ, ಉಳಿದ ಹಣದ ಹಕ್ಕು ಬಿಟ್ಟುಕೊಟ್ಟಿಲ್ಲ" ಅಂತ ಕನ್ನಡದಲ್ಲೇ ಬರೆದು ಸೈನ್ ಹಾಕಿ, ಅದರ ಫೋಟೋ ತಗೊಂಡು ಬಾ.